ಸೀತೆಗೆ ಮುಪ್ಪು ಬರುವ ಊರು

ಸಿರುಗುಪ್ಪಕ್ಕೆ ಬಂದ ಮೊದಲ ವಾರವೇ ಸೀತೆಯನ್ನು ಹೊಳೆಗೆ ಬಿಡಲು ಹೋಗಬೇಕಾಯಿತು. ಪಕ್ಕದ ಮನೆಯ ಹನುಮಂತಪ್ಪನವರು ತೊಗಲುಗೊಂಬೆ ಆಡಿಸುವವರು. ಹರಿದುಹೋದ ಚರ್ಮದ ಸೀತೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೆಂಚನಗುಡ್ಡದ ಬಳಿ ತುಂಗಭದ್ರೆಗೆ ಇಳಿಸಿದರು. ಅವರ ಹೆಂಡತಿ ಗಂಗಮ್ಮ ಬಿಕ್ಕಿ ಬಿಕ್ಕಿ ಅತ್ತರು.

"ಆಕಿಗಿ ವಯಸ್ಸಾಗಿತ್ರಿ ಅಕ್ಕೋರ," ಎಂದರು. ಶಾಲೆಯ ಶಿಕ್ಷಕಿಯನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ನಮ್ಮ ಉಡುಪಿ ಕಡೆ ಯಕ್ಷಗಾನದ ಸೀತೆ ಬೆಳಗಾದರೆ ವೇಷ ಕಳಚಿ ಬೀಡಿ ಹಚ್ಚುತ್ತಾಳೆ. ಇಲ್ಲಿನ ಸೀತೆಗೆ ಮುಪ್ಪು ಬರುತ್ತದೆ.

ಚಿತ್ರಕಲೆ ಕಲಿಸಲು ಬಂದವಳು ನಾನು. ಕುಚ್ಚಲಕ್ಕಿ ಸಿಗದ ಅಂಗಡಿ, ಅರ್ಧ ತೆಲುಗಿನ ಸಂತೆ, ಮಾತಿಗೆ ಯಾರೂ ಇಲ್ಲದ ಬಾಡಿಗೆ ಕೋಣೆ. ಗಂಗಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಎದ್ದು ಹೋಗುತ್ತಿದ್ದೆ. ಕೇಳದಿದ್ದರೂ ಹೋಗುತ್ತಿದ್ದೆನೆನ್ನಿ.

ಅದು ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದ ವರ್ಷ. ಕುರುಗೋಡಿನಲ್ಲಿ ಭಾರತಮಾತೆಯ ಗೊಂಬೆಯಾಟ ಆಡಿಸಬೇಕೆಂದು ಸರ್ಕಾರಿ ಕಚೇರಿಯವರು ಹನುಮಂತಪ್ಪನವರಿಗೆ ಹೇಳಿಹೋದರು. ಮನೆಯಲ್ಲಿ ಹದ ಮಾಡಿದ ಮೇಕೆ ಚರ್ಮ ಇದ್ದದ್ದು ಒಂದೇ, ಅದೂ ಹೊಸ ಸೀತೆಗೆಂದು ತೆಗೆದಿಟ್ಟದ್ದು. ಸೀತೆಯಿಲ್ಲದೆ ರಾಮಾಯಣವಿಲ್ಲ, ರಾಮಾಯಣವಿಲ್ಲದೆ ಅವರ ಒಲೆ ಉರಿಯದು.

"ದೇಶ ದೊಡ್ಡದು ಖರೆ," ಎಂದರು ಗಂಗಮ್ಮ. "ಆದ್ರ ಸೀತವ್ವನ್ನ ಬಿಟ್ಟು ನಾವು ಹೆಂಗ ಬದುಕಾಕ ಆಗತೈತ್ರಿ?"

"ಇಬ್ಬರೂ ಒಬ್ಬಳೇ ಆಗಲಿ," ಎಂದೆ, ತೋಚಿದ್ದನ್ನು.

ಹನುಮಂತಪ್ಪನವರು ಚರ್ಮ ಸವರುತ್ತ ಕೂತರು. "ಕೈಯಾಗ ಝಂಡಾ ಕೊಟ್ರ ಭಾರತಮಾತಿ, ತಗದ್ರ ಸೀತಿ. ಆಗ್ಲಿ, ಮಕ ನೀವ ಬರೀರಿ."

ಕ್ಯಾಲೆಂಡರಿನ ಮಾತೆಯಂತೆ ಬರೆಯಹೊರಟೆ. ಮೂಡಿದ್ದು ನನ್ನಮ್ಮನ ಮುಖ: ಅದೇ ಮೊಂಡು ಮೂಗು, ಅದೇ ಮುಂಗೋಪದ ಹುಬ್ಬು. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ.

ಕುರುಗೋಡಿನಲ್ಲಿ ಪರದೆಯ ಮೇಲೆ ಆಕೆ ಬಾವುಟ ಹಿಡಿದು ನಡೆದಾಗ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೈಮುಗಿದರು. "ಸೀತವ್ವ ಲಂಕಿಂದ ಮನಿಗಿ ಬಂದ್ಲಬೇ."

"ಅಜ್ಜಿ, ಅದು ಭಾರತಮಾತೆ," ಎಂದರು ಕಚೇರಿಯವರು.

"ಹೂನ್ರಿ, ಆಕಿನ. ಬಿಡುಗಡಿ ಆಗಿ ಬಂದ್ಲು."

ಪರದೆಯ ಹಿಂದೆ ಗಂಗಮ್ಮ ನನ್ನ ಕೈ ಹಿಡಿದುಕೊಂಡರು. ನನಗೂ ಅಳು ತಡೆಯಲಾಗಲಿಲ್ಲ. ಅವರಿಗೆ ಸೀತೆ ಸಿಕ್ಕಿದ್ದಳು.

ಘಟ್ಟವನ್ನೇ ಹತ್ತದ ನನ್ನಮ್ಮ ಈಗ ಗೊಂಬೆಯಾಗಿ ಬಳ್ಳಾರಿ ಸೀಮೆಯನ್ನೆಲ್ಲ ಸುತ್ತುತ್ತಾಳೆ, ಗಂಗಮ್ಮನ ದನಿಯಲ್ಲಿ "ಬರ್ರಿ, ಕುಂದ್ರರಿ" ಎನ್ನುತ್ತಾಳೆ. ರಜೆಗೆ ಊರಿಗೆ ಹೋದರೆ ಅಮ್ಮ ಮಗ್ಗುಲಲ್ಲೇ ಕೂತು ಬಡಿಸುತ್ತಾಳೆ, ತುಳುವಿನಲ್ಲಿ ಗದರುತ್ತಾಳೆ. ಅವಳ ಮುಖ ನೋಡುತ್ತ ನೋಡುತ್ತಲೇ ನನಗೆ ಸಿರುಗುಪ್ಪದಲ್ಲಿ ಬಿಟ್ಟುಬಂದ ಅಮ್ಮನ ನೆನಪಾಗುತ್ತದೆ.