ನೂರ ಹನ್ನೆರಡು ಸಲ ಬಂದ ಪದ

"ನಿಮ್ಮ ಬಾಯಿಗೆ ಒಬ್ಬ ಪ್ರೂಫ್ ನೋಡೋರು ಬೇಕು ಮಿಷನ್ನೋರೇ" ಅಂತ ಒತ್ತಕ್ಷರದಕ್ಕ ತಮ್ಮ ಅಂಗಡಿ ತುಂಬ ಜನ ಇದ್ದಾಗ ಅಂದರಲ್ಲ, ಅದನ್ನು ನಾನು ಮರೆತಿಲ್ಲ. ಆರು ವರ್ಷದ ಮೇಲಾಯಿತು. ಜೆರಾಕ್ಸಿಗೆ ನಿಂತಿದ್ದ ಏಳೆಂಟು ಮಂದಿ ಹಲ್ಲು ಕಿರಿದರು. ಅದರಲ್ಲೊಬ್ಬ ನನ್ನ ಹತ್ತಿರವೇ ಹೊಲಿಗೆ ಮಿಷನ್ ರಿಪೇರಿ ಮಾಡಿಸಿಕೊಂಡವನು! ಅಷ್ಟಕ್ಕೂ ನಾನು ಏನು ಅಂದಿದ್ದೆ? ಸಾಲು ಬಿಟ್ಟು ಮುಂದೆ ನುಗ್ಗಿದವನಿಗೆ, "ನಿನ್ನಂಥವನ ಒಂದು ಪ್ರತಿಯೇ ಊರಿಗೆ ಹೆಚ್ಚು, ಇನ್ನೊಂದು ಯಾಕಯ್ಯಾ ತೆಗೆಸ್ತೀಯ" ಅಂದಿದ್ದೆ. ನ್ಯಾಯವಾದ ಮಾತು. ಅವತ್ತು ಇಳಿದ ಮೆಟ್ಟಿಲನ್ನು ಮತ್ತೆ ಹತ್ತಬಾರದು ಅಂತ ಆಣೆ ಮಾಡಿಕೊಂಡೆ. ಆ ಆಣೆ ಮುರಿಸಿದ್ದು ಒಂದು ಹೊಸ ಕಂಪ್ಯೂಟರು.

ಅಕ್ಕ ಅಂದರೆ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಅವರ ಅಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು. ಸೀಸದ ಮೊಳೆಯ ಮೇಲೆ ಅಕ್ಷರ ಕನ್ನಡಿಯೊಳಗಿದ್ದ ಹಾಗೆ ತಿರುಗುಮುರುಗಾಗಿ ಇರುತ್ತದೆ. ಈ ಹುಡುಗಿ ಶಾಲೆಗೆ ಸೇರುವ ಮುಂಚೆಯೇ ಅಪ್ಪನ ಮೊಳೆಪೆಟ್ಟಿಗೆ ಮುಂದೆ ಕೂತು ಅಕ್ಷರ ಕಲಿತದ್ದು. ಶಾಲೆಯಲ್ಲಿ ಸ್ಲೇಟಿನ ಮೇಲೆ ಎಲ್ಲವನ್ನೂ ತಿರುಗಿಸಿ ಬರೆದು ಮೇಷ್ಟ್ರ ಕೈಲಿ ಏಟು ತಿಂದರಂತೆ. "ನನಗೆ ಅದೇ ನೆಟ್ಟಗೆ, ನಿಮ್ಮದೇ ತಲೆಕೆಳಗು" ಅಂದದ್ದಕ್ಕೆ ಇನ್ನೆರಡು. ಅಪ್ಪನ ಕಣ್ಣು ಹೋದ ಮೇಲೆ ಹನ್ನೊಂದು ವರ್ಷ ಅದೇ ಪೆಟ್ಟಿಗೆ ಮುಂದೆ ನಿಂತು ಕೆಲಸ ಮಾಡಿದರು. ಅಚ್ಚುಕೂಟ ಮುಚ್ಚಿ, ಸೀಸವನ್ನೆಲ್ಲ ತೂಕಕ್ಕೆ ಹಾಕಿದ ದಿನ ಒಂದೇ ಒಂದು ಮೊಳೆ ಸೆರಗಿಗೆ ಕಟ್ಟಿಕೊಂಡು ಬಂದರಂತೆ. ಮೂರೇ ವಾರದಲ್ಲಿ ಕಂಪ್ಯೂಟರ್ ಟೈಪಿಂಗ್ ಕಲಿತು, ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅಂಗಡಿ ತೆರೆದರು. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್, ತಲೆ ತಗ್ಗಿಸದೆ ಒಳಗೆ ಹೋದವನ ಹಣೆಗೆ ಒಂದು ಬುಗುಟೆ.

ಒತ್ತಕ್ಷರದಕ್ಕ ಅನ್ನುವ ಹೆಸರು ಬಂದದ್ದು ಒಂದು ಮದುವೆ ಕಾಗದದಿಂದ. ಐನೂರು ಕಾಗದ ಅಚ್ಚಾಗಿ ಬಂದ ಮೇಲೆ ಒಂದು ಒತ್ತಕ್ಷರ ಬಿಟ್ಟುಹೋಗಿದ್ದು ಅವರ ಕಣ್ಣಿಗೆ ಬಿತ್ತು. ಮದುವೆ ಹುಡುಗಿಯ ಅಪ್ಪ "ಇರಲಿ ಬಿಡಿ, ಯಾರು ನೋಡ್ತಾರೆ" ಅಂದರೂ ಕಟ್ಟು ಕೊಡಲಿಲ್ಲ. "ಒಂದು ಒತ್ತು ಬಿದ್ದುಹೋದರೆ ಕತ್ತೆ ಹೋಗಿ ಕತೆ ಆಗುತ್ತೆ, ಗೊತ್ತಾ ನಿಮಗೆ?" ಅಂತ ಅವರನ್ನೇ ಗದರಿಸಿ, ತಮ್ಮ ಕೈಯಿಂದ ಕಾಸು ಹಾಕಿ ಮತ್ತೆ ಅಚ್ಚು ಮಾಡಿಸಿದರು.

ಇಂಥವರ ಹತ್ತಿರ ನಾನು ಹೋದದ್ದು ಹದಿನಾಲ್ಕು ವರ್ಷದ ಹಿಂದೆ. ನಾನು ನಾಲ್ಕನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು. ಹೊಲಿಗೆ ಮಿಷನ್ನಿನ ಒಳಗೆ ಏನೇನು ಕೆಡುತ್ತದೆ ಅನ್ನುವುದು ಮಾತ್ರ ನನ್ನ ಬೆರಳಿಗೆ ಗೊತ್ತು. ಅದನ್ನೆಲ್ಲ ವೆಬ್‌ಸೈಟ್ ಮಾಡಿಸಬೇಕು ಅಂತ ಹಟ ಹಿಡಿಯಿತು. ನಾನು ಹೇಳುವುದು, ಅಕ್ಕ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುವುದು, ಆಮೇಲೆ ಟೈಪ್ ಮಾಡುವುದು. ಒಂದು ಕಾಯಿಲೆಗೆ ಒಂದು ಪುಟ. ದಾರ ಯಾಕೆ ಕಡಿಯುತ್ತೆ, ಸೂಜಿ ಯಾಕೆ ಮುರಿಯುತ್ತೆ, ಎಣ್ಣೆ ಎಲ್ಲಿಗೆ, ಎಷ್ಟು. ಎಂಟು ವರ್ಷದಲ್ಲಿ ಅರವತ್ತಮೂರು ಪುಟ ಆಯಿತು. ವೆಬ್‌ಸೈಟ್ ತಿದ್ದುವ ಸಾಫ್ಟ್‌ವೇರನ್ನು ನನ್ನ ಕಂಪ್ಯೂಟರಿಗೂ ಹಾಕಿಕೊಟ್ಟು, ಫೋಟೋ ಸೇರಿಸುವುದು, ಪುಟವನ್ನು ಇಂಟರ್ನೆಟ್ಟಿಗೆ ಏರಿಸುವುದು ಕಲಿಸಿದರು. ನಾನು ಹೇಳಿದ್ದನ್ನೇ ನಾನು ಮತ್ತೆ ಯಾಕೆ ಓದಲಿ? ತಲೆಬರಹ, ಚಿತ್ರ, ಫೋನ್ ನಂಬರು ಸರಿ ಇದ್ದರೆ ಸಾಕು.

ಒಂದು ಸಂಗತಿ ಮಾತ್ರ ನನಗೆ ಬಗೆಹರಿದಿರಲಿಲ್ಲ. ಸೈಟ್ ಓದಿ ದೂರದಿಂದ ದರ್ಜಿಗಳು ಬರುತ್ತಿದ್ದರು. "ಅದನ್ನ ಬರೆದವರು ಇದಾರಾ?" ಅಂತ ಕೇಳುತ್ತಿದ್ದರು. "ನಾನೇ" ಅಂದರೆ ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು. ಒಬ್ಬ ಹೆಂಗಸು, "ಅಷ್ಟು ತಾಳ್ಮೆಯಿಂದ ಹೇಳಿಕೊಡೋರು ನೀವೇನಾ?" ಅಂದಳು. "ಇನ್ಯಾರು, ನಿನ್ನ ಮಾವನಾ?" ಅಂದೆ. ಮಿಷನ್ ಎತ್ತಿಕೊಂಡು ಹೊರಟೇಹೋದಳು.

ಹೋದ ವರ್ಷ ಹಳೆ ಕಂಪ್ಯೂಟರು ತಿಣುಕಿ ತಿಣುಕಿ ಓಡತೊಡಗಿತು. ನನ್ನ ಭಾಮೈದ ಅದನ್ನು ಅಂಗಡಿಗೆ ಬದಲಿಗೆ ಕೊಟ್ಟು ಹೊಸದು ತಂದ. "ಒಂದೊಂದು ಫೈಲೂ ಕಾಪಿ ಮಾಡಿದೀನಿ ಭಾವ, ಕಣ್ಮುಚ್ಚಿಕೊಂಡು ಕೆಲಸ ಮಾಡಿ" ಅಂದ. ಸಾಫ್ಟ್‌ವೇರ್ ತೆರೆದೆ. ಕಣ್ಣು ಮುಚ್ಚಿಕೊಂಡಿದ್ದರೇ ಚೆನ್ನಾಗಿತ್ತು. ಚಿತ್ರ ಇದ್ದಲ್ಲೇ ಇದೆ, ಅಂಕಿಗಳು ಸರಿ ಇವೆ, ಆದರೆ ಅಕ್ಷರ ಒಂದೂ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಮೀಸೆ, ಬಾಲ ಅಂಟಿಸಿ ಮೆರವಣಿಗೆ ಕಳಿಸಿದ ಹಾಗಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಏರಿಸುವ ಗುಂಡಿ ಒತ್ತಿದರೆ ಇಂಟರ್ನೆಟ್ಟಿಗೆ ಹೋಗಿಯಾದರೂ ಸರಿ ಆಗುತ್ತದೇನೋ ಅಂತ ಒತ್ತಿಬಿಟ್ಟೆ. ಆಮೇಲೆ ತಿಳಿದದ್ದು: ಆ ಸಾಫ್ಟ್‌ವೇರು ಪರದೆ ಮೇಲೆ ಬರಹ ಹೇಗೆ ಕಾಣುತ್ತದೋ ಹಾಗೇ ಅದರ ಚಿತ್ರ ತೆಗೆದು ನೆಟ್ಟಿಗೆ ಏರಿಸುತ್ತದೆ. ಅಲ್ಲಿಯವರೆಗೆ ನನ್ನ ಕಣ್ಣಿಗೆ ಮಾತ್ರ ಕೆಟ್ಟಿದ್ದ ಅರವತ್ತಮೂರು ಪುಟ ಒಂದೇ ಏಟಿಗೆ ಜಗತ್ತಿಗೇ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ದರ್ಜಿಯ ಫೋನು: "ಏನಣ್ಣ, ಸೈಟಿಗೆ ಮಾಟ ಮಾಡಿಸಿದೀರಾ?"

ಮತ್ತೆ ಹೇಳಿ ಬರೆಸಬಹುದಲ್ಲ ಅಂತೀರಿ. ಆಗುವುದಿಲ್ಲ. ಕೆಟ್ಟ ಮಿಷನ್ ಎದುರಿಗಿದ್ದರೆ ಮಾತ್ರ ನನಗೆ ಮಾತು ಬರುವುದು. ಆ ಪುಟಗಳಲ್ಲಿರುವ ಎಷ್ಟೋ ಮಿಷನ್ನುಗಳು ಈಗ ಗುಜರಿಯಲ್ಲೂ ಇಲ್ಲ. ಅದು ಹೋದರೆ ನನ್ನ ಮೂವತ್ತು ವರ್ಷ ಹೋದ ಹಾಗೆ.

ಭಾಮೈದ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಭಾಷೆ ಬದಲಿಸಿದ. "ಅಕ್ಷರದ ಫಾಂಟ್ ಬಂದಿಲ್ಲ ಅನ್ಸುತ್ತೆ ಭಾವ, ಅದು ಬೇರೆ ಕಡೆ ಇರುತ್ತೆ" ಅಂತ ತಲೆ ಕೆರೆದುಕೊಂಡು, ನೆಟ್ಟಲ್ಲಿ ಸಿಕ್ಕ ನಾಲ್ಕು ಫಾಂಟ್ ಹಾಕಿ ನೋಡಿದ. ಒಂದು ರೀತಿಯ ಕಸ ಹೋಗಿ ಇನ್ನೊಂದು ರೀತಿಯ ಕಸ ಬಂತು. "ಒಂದೊಂದು ಫೈಲೂ ಕಾಪಿ ಮಾಡಿದೀನಿ ಅಂದ್ಯಲ್ಲೋ" ಅಂತ ನಾನು ಎದ್ದೆ. ಅವನು ಚಪ್ಪಲಿ ಬಿಟ್ಟೇ ಓಡಿದ.

ಅವನು ಹೋದ ಮೇಲೆ ನನ್ನ ರೀತಿಯಲ್ಲಿ ನೋಡೋಣ ಅಂತ ಕೂತೆ. ದಾರ ಕಡಿಯುತ್ತಿದ್ದರೆ ನಾವು ಒಂದೇ ಸಲ ನಾಲ್ಕು ತಿರುಪು ತಿರುಗಿಸುವುದಿಲ್ಲ. ಒಂದನ್ನು ನೋಡು, ಬಿಡು, ಇನ್ನೊಂದನ್ನು ನೋಡು. ಮೊದಲ ಪುಟದ ತಲೆಬರಹದ ಮೊದಲ ಪದ 'ದಾರ' ಅಂತ ನನಗೆ ಗೊತ್ತು. ಅಲ್ಲಿ zÁgÀ ಅಂತಿತ್ತು. ಹನ್ನೆರಡನೇ ಪುಟದಲ್ಲೂ ದಾರ ಬರುತ್ತದೆ. ಹೋಗಿ ನೋಡಿದರೆ ಅಲ್ಲೂ ಅದೇ! ಅಂದರೆ ಇದು ಕಸವಲ್ಲ. ಕಸಕ್ಕೆ ಇಷ್ಟು ಶಿಸ್ತು ಇರುವುದಿಲ್ಲ. ನನ್ನ ಮಾತು ಎಲ್ಲೂ ಹೋಗಿಲ್ಲ, ವೇಷ ಹಾಕಿಕೊಂಡು ಅಲ್ಲೇ ಕೂತಿದೆ.

ಆಮೇಲೆ ನನಗೆ ಊಟ ನೆನಪಾಗಲಿಲ್ಲ. ಸೂಜಿ ಬಂದ ರಟ್ಟಿನ ಡಬ್ಬಿ ಬಿಚ್ಚಿ, ಅದರ ಮೇಲೆ ಒಂದೊಂದೇ ಪದ ಬರೆದುಕೊಂಡೆ. ಸೂಜಿ ಸಿಕ್ಕಿತು. ಎಣ್ಣೆ ಸಿಕ್ಕಿತು. ಎರಡು ದಿನ ಹೀಗೆ ನಡೆಯಿತು. ಅಷ್ಟರಲ್ಲಿ ಒಂದು ಪದ ಕಣ್ಣಿಗೆ ಚುಚ್ಚತೊಡಗಿತು. ದಾರದ ಹಾಗೆಯೇ z ಇಂದ ಶುರು, ಮುಂದೆ ಉದ್ದಕ್ಕೆ ಟೋಪಿಗಳ ಸಾಲು: zÀAiÀÄ«lÄÖ. ಅದು ಇಲ್ಲದ ಪುಟವೇ ಇಲ್ಲ. ಎಣಿಸಿದೆ. ನೂರ ಹನ್ನೆರಡು. ದಾರಕ್ಕಿಂತ ಜಾಸ್ತಿ, ಸೂಜಿಗಿಂತ ಜಾಸ್ತಿ. ಹೊಲಿಗೆ ಮಿಷನ್ ಬಗ್ಗೆ ಹೇಳುವಾಗ ದಾರಕ್ಕಿಂತ ಹೆಚ್ಚು ಸಲ ನಾನು ಏನು ಹೇಳಿರಬಹುದು?

ಹೆಂಡತಿಗೆ ತೋರಿಸಿದೆ. "ದ-ದಿಂದ ಶುರು ಆಗುತ್ತೆ. ಯಾವುದಿರಬಹುದು ಹೇಳು."

ಅವಳು ತಲೆಯೇ ಎತ್ತಲಿಲ್ಲ. "ದಡ್ಡ."

"ಯಾರಿಗೆ ಹೇಳ್ತಿದೀಯ?"

"ಪದ ಹೇಳಿದೆ ಕಣ್ರೀ. ದಡ್ಡ. ನೀವು ಇನ್ನೇನು ಅಷ್ಟು ಸಲ ಹೇಳಿರ್ತೀರ?"

ಹೌದೆನ್ನಿಸಿತು. ನಾನು ಹೇಳಿಕೊಡುವ ರೀತಿಯೇ ಹಾಗೆ: 'ದಡ್ಡ, ಮೊದಲು ಸೂಜಿ ತೆಗಿ. ದಡ್ಡ, ಎಣ್ಣೆ ಎರಡೇ ತೊಟ್ಟು, ಅದೇನು ನಿನ್ನ ತಲೆಗೂದಲಾ ಸುರಿಯೋಕೆ?' ಆದರೆ ದಡ್ಡ ಅನ್ನುವುದು ಗಿಡ್ಡ ಪದ. ಪರದೆ ಮೇಲಿರುವುದು ಉದ್ದ. ತಾಳೆ ಬೀಳಲಿಲ್ಲ. ಕುತೂಹಲ ತಡೆಯಲಾರದೆ ಮೂರನೇ ದಿನ ಬೆಳಿಗ್ಗೆ ರಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಆ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದೆ. ಹಣೆಗೆ ಬುಗುಟೆಯೂ ಬಂತು.

ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ಮೂಗಿನ ತುದಿಯಲ್ಲಿ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ರಟ್ಟು ಮುಂದಿಟ್ಟು ಆ ಪದದ ಮೇಲೆ ಬೆರಳಿಟ್ಟೆ.

ಅವರು ನೋಡಿ, "ದಯವಿಟ್ಟು" ಅಂದರು.

"ಏನು ಬೇಕು ಹೇಳಿ" ಅಂದೆ.

"ಏನೂ ಬೇಡ. ದಯವಿಟ್ಟು."

"ಅಕ್ಕ, ಕೆಲಸ ಇಟ್ಟುಕೊಂಡು ಬಂದವನು ನಾನು. ನೀವ್ಯಾಕೆ ನನ್ನ ಬೇಡಿಕೊಳ್ತೀರ?"

"ಅಯ್ಯೋ ಮಹರಾಯ, ಇಲ್ಲಿ ಬರೆದಿರೋದು ಅದು! ದ, ಯ, ವಿ, ಟ್ಟು." ಬೆರಳಿಂದ ಒಂದೊಂದೇ ಕುಟ್ಟಿ ತೋರಿಸಿದರು. ಆಮೇಲೆ ರಟ್ಟಿನ ಮೇಲಿದ್ದ ಉಳಿದ ಕಸವನ್ನೆಲ್ಲ ದಿನಪತ್ರಿಕೆ ಓದಿದ ಹಾಗೆ ಸರಸರ ಓದಿದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. "ಅದಕ್ಕೆ ಯಾಕೆ ಹಾಗೆ ನೋಡ್ತೀರ? ತಿರುಗಿಸಿದ ಅಕ್ಷರ ಓದಿ ಬೆಳೆದವಳಿಗೆ ಟೋಪಿ ಹಾಕಿದ ಅಕ್ಷರ ಓದೋದು ಏನು ಮಹಾ? ಇಪ್ಪತ್ತು ವರ್ಷ ಈ ಕೀಲಿಗಳನ್ನೇ ಕುಟ್ಟಿದೀನಿ."

"ಸರಿ ಅಕ್ಕ. ಆದ್ರೆ ನಾನು ಜನ್ಮದಲ್ಲಿ ದಯವಿಟ್ಟು ಅಂದವನಲ್ಲ."

"ನೀವು ಅಂದಿದ್ದು ದಡ್ಡ ಅಂತ. ನಾನು ಹಾಕಿದ್ದು ದಯವಿಟ್ಟು. ಎರಡೂ ದ-ದಿಂದಲೇ ಶುರು, ಬಹಳ ಏನೂ ಬದಲಿಸಲಿಲ್ಲ."

ನನ್ನ ಮೈ ಉರಿಯಿತು. ಬಾಯಿ ತೆಗೆಯುವಷ್ಟರಲ್ಲಿ, ನನ್ನ ಬೆನ್ನ ಹಿಂದೆ ಇಣುಕಿದ ಆ ದರ್ಜಿಗಳೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಓಹೋ. ಅವರು ಹುಡುಕಿಕೊಂಡು ಬಂದಿದ್ದು ಈ ದಯವಿಟ್ಟು ಅನ್ನುವವನನ್ನು!

"ಕಂಪ್ಯೂಟರ್ ಪೆಟ್ಟಿಗೆ ತಗೊಂಡು ಬನ್ನಿ" ಅಂದರು ಅಕ್ಕ.

ಮಾರನೇ ದಿನ ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ ಸೈಕಲ್ ಹಿಂದೆ ಕಟ್ಟಿಕೊಂಡು ಹೋದೆ. ಅಕ್ಕ ಒಂದು ತಗಡಿನ ಡಬ್ಬಿಯಿಂದ ಹಳೆ ಸಿ.ಡಿ. ತೆಗೆದು ಫಾಂಟ್ ಹಾಕಿದರು. ಟೋಪಿ ಮೀಸೆ ಎಲ್ಲ ಉದುರಿ ಕನ್ನಡ ಎದ್ದು ಕೂತಿತು. ನಾನು ಕುಣಿಯುವುದೊಂದು ಬಾಕಿ. ಅಕ್ಕ ಮಾತ್ರ ಮೂಗು ಮುರಿದರು. "ನೋಡಿ ಇಲ್ಲಿ." ಎಣ್ಣೆಯ ಒತ್ತು ಇದ್ದಲ್ಲಿ ಒಂದು ಖಾಲಿ ಚೌಕ. ಎಲ್ಲ ಪುಟದಲ್ಲೂ ಒತ್ತು ಇರಬೇಕಾದಲ್ಲೆಲ್ಲ ಚೌಕ. "ಓದಬಹುದಲ್ಲ ಅಕ್ಕ, ಸಾಕು ಬಿಡಿ" ಅಂದೆ. ಅವರು ನೋಡಿದ ನೋಟಕ್ಕೆ ಆ ಮದುವೆ ಹುಡುಗಿಯ ಅಪ್ಪನ ಪಾಡು ನನಗೆ ಅರ್ಥವಾಯಿತು. "ಇದು ಆಮೇಲೆ ಬಂದ ಫಾಂಟು. ನಿಮ್ಮ ಪುಟ ಶುರು ಮಾಡಿದಾಗ ಇದ್ದದ್ದು ಇದರ ಅಕ್ಕ" ಅಂತ ಡಬ್ಬಿಯನ್ನೇ ನೆಲಕ್ಕೆ ಸುರಿದರು. ಇಪ್ಪತ್ತಾರನೇ ಸಿ.ಡಿ.ಯಲ್ಲಿ ಅದು ಸಿಕ್ಕಿತು. ಡಬ್ಬಿಯ ತಳದಲ್ಲಿ ಆ ಸೀಸದ ಮೊಳೆಯೂ ಇತ್ತು. ಕೈಗೆತ್ತಿಕೊಂಡು ನೋಡಿದೆ, ತ ಅಕ್ಷರದ ಒತ್ತು.

ಏರಿಸುವ ಗುಂಡಿಯ ಮೇಲೆ ಕೈಯಿಟ್ಟು ಅಕ್ಕ ನಿಂತರು. "ಈಗ ಹೇಳಿ. ನಿಮ್ಮ ದಡ್ಡ, ಮುಠ್ಠಾಳ, ತಲೆಗೂದಲು ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ. ಬೇಕಂದರೆ ಎಲ್ಲ ವಾಪಸ್ ಹಾಕಿಕೊಡ್ತೀನಿ. ಯಾವುದು ಬೇಕು?"

ಜೆರಾಕ್ಸ್ ಮಿಷನ್ ಗುಂಯ್ ಅನ್ನುತ್ತಿತ್ತು. ನಾನು ಪರದೆ ನೋಡಿದೆ. ಇಷ್ಟು ವರ್ಷಕ್ಕೆ ಮೊದಲ ಸಲ ನನ್ನ ಪುಟವನ್ನು ನಾನೇ ಓದಿದೆ. 'ದಯವಿಟ್ಟು ಎಣ್ಣೆ ಎರಡೇ ತೊಟ್ಟು ಹಾಕಿ. ಹೆಚ್ಚಾದರೆ ಬಟ್ಟೆಗೆ ಕಲೆಯಾಗುತ್ತದೆ, ಮಿಷನ್ನಿಗೂ ಸುಖವಿಲ್ಲ.' ಮಿಷನ್ನಿಗೂ ಸುಖವಿಲ್ಲ ಅನ್ನುವುದು ನನ್ನದೇ ಮಾತು. ಅದನ್ನು ಮುಟ್ಟಿರಲಿಲ್ಲ.

"ಇದೇ ಇರಲಿ" ಅಂದೆ.

ಗುಂಡಿ ಒತ್ತಿದರು. ಕಾಸು ತೆಗೆದರೆ ಕೈ ಅಡ್ಡ ಹಿಡಿದರು. "ಅದು ಬೇಡ. ನೂರ ಹನ್ನೆರಡು ದಯವಿಟ್ಟು ಕೊಟ್ಟಿದೀನಿ ನಿಮಗೆ. ಒಂದೇ ಒಂದನ್ನ ನಿಮ್ಮ ಬಾಯಿಂದ ವಾಪಸ್ ಕೊಡಿ. ಲೆಕ್ಕ ಚುಕ್ತಾ."

ಜೆರಾಕ್ಸಿಗೆ ಬಂದಿದ್ದ ಮೂವರು ತಿರುಗಿ ನೋಡಿದರು. "ದ..." ಅಂದೆ. ನಾಲಿಗೆ ಅಲ್ಲೇ ಸಿಕ್ಕಿಕೊಂಡಿತು, ಬಾಬಿನ್ನಿನಲ್ಲಿ ದಾರ ಗಂಟುಬಿದ್ದ ಹಾಗೆ. "ದ... ದಾರದ ಪುಟ ಚೆನ್ನಾಗಿ ಬಂದಿದೆ" ಅಂದು, ಕಂಪ್ಯೂಟರ್ ಎತ್ತಿಕೊಂಡು, ಇನ್ನೊಂದು ಬುಗುಟೆ ಬರಿಸಿಕೊಂಡು ಹೊರಗೆ ಬಂದೆ. ಒಳಗೆ ಅಕ್ಕ ನಗುತ್ತಿದ್ದದ್ದು ಬೀದಿಗೆ ಕೇಳುತ್ತಿತ್ತು.

ಈಗ ಅವರು ಅಂಗಡಿ ಮುಚ್ಚಿ ತಂಗಿಯ ಮನೆಯಲ್ಲಿದ್ದಾರೆ, ದೂರ. ನಾನು ಫಾಂಟನ್ನು ಎರಡು ಕಡೆ ಇಟ್ಟುಕೊಂಡಿದ್ದೇನೆ. ಅರವತ್ತನಾಲ್ಕನೇ ಪುಟವನ್ನು ನಾನೇ ಟೈಪ್ ಮಾಡಿದೆ, ದಯವಿಟ್ಟು ಎರಡು ಸಲ ಹಾಕಿದೆ. ಟೈಪ್ ಮಾಡುವಾಗ ಕಷ್ಟವಾಗಲಿಲ್ಲ. ಹೋದ ತಿಂಗಳು ಒಂದು ಒತ್ತಿನ ಅನುಮಾನ ಬಂದು ಅವರಿಗೆ ಫೋನ್ ಮಾಡಿದೆ. ಯಾವ ಕೀಲಿ ಅಂತ ಹೇಳಿದರು.

"ಮತ್ತೇನು ಮಿಷನ್ನೋರೇ?" ಅಂದರು. ಯಾತಕ್ಕೆ ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ನನ್ನ ಅಂಗಡಿಯಲ್ಲಿ ಆಗ ನನ್ನ ಬಿಟ್ಟರೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

"ಹಲೋ, ಹಲೋ, ಕೇಳಿಸ್ತಾ ಇಲ್ಲ" ಅಂತ ಹೇಳಿ ಫೋನ್ ಇಟ್ಟೆ.