ಚಷ್ಮಾ ತೆಗೆಯದ ನಾಯಕಿ

ಮಕ್ಕಳೇ, ನಿಮಗೆ ಕನ್ನಡ ಮಾತು ಬರುತ್ತದೆ, ಶಾಲೆ ಬೇರೆ ಭಾಷೆಯದಾದ್ದರಿಂದ ಓದು ಬರುವುದಿಲ್ಲ. ಇದನ್ನು ನಿಮ್ಮಪ್ಪನಿಂದ ಓದಿಸಿಕೊಳ್ಳಿ. ಬಾಯಿಂದ ಹೇಳಲು ನನಗೆ ಸಂಕೋಚ.

ನೀವು ಸಂಜೆ ಟಿವಿಯಲ್ಲಿ ಹಾಕುವ ಕಾಲೇಜು ಹುಡುಗರ ನಗೆ ಸಿನಿಮಾಗಳನ್ನು ನಾನೂ ಬಾಗಿಲ ಪಕ್ಕ ಕುಳಿತು ನೋಡುತ್ತಿದ್ದೆ. ಭಾಷೆ ತಿಳಿಯದಿದ್ದರೂ ಕಥೆ ತಿಳಿಯುತ್ತಿತ್ತು, ಏಕೆಂದರೆ ಎಲ್ಲದರಲ್ಲೂ ಅವರೇ ಇರುತ್ತಿದ್ದರು. ಸೊಕ್ಕಿನ ಶ್ರೀಮಂತ ಹುಡುಗಿ, ಅವಳು ನಕ್ಕಾಗ ನಗುವ ಗೆಳತಿಯರು, ಸದಾ ತಿನ್ನುವ ದಪ್ಪ ಹುಡುಗ, ಆಟದಲ್ಲಿ ಗೆಲ್ಲುವ ಚೆಲುವ. ಮೂಲೆಯಲ್ಲಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ ಚಷ್ಮಾದ ಹುಡುಗಿ. ಕೊನೆಗೆ ಅವಳು ಚಷ್ಮಾ ತೆಗೆದು, ಕೂದಲು ಬಿಟ್ಟು ಮೆಟ್ಟಿಲಿಳಿದು ಬಂದರೆ ಎಲ್ಲರೂ ಬಾಯಿ ತೆರೆದು ನೋಡುತ್ತಾರೆ. ನನಗೂ ಖುಷಿಯಾಗುತ್ತಿತ್ತು.

ಆಮೇಲೆ ನಿಮ್ಮ ಅಕ್ಕನ ಶಾಲೆಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂತು. ಅಂಥದೇ ನಾಟಕ, ದಿನವೂ ಚಷ್ಮಾ ಹಾಕುವ ಇವಳಿಗೇ ಚಷ್ಮಾದ ಹುಡುಗಿಯ ಪಾತ್ರ. ಕೊನೆಯ ದೃಶ್ಯಕ್ಕೆ ರೂಢಿಯಾಗಲೆಂದು ಚಷ್ಮಾವನ್ನು ಪುಸ್ತಕದ ದಪ್ತರದಲ್ಲಿಟ್ಟೇ ಓಡಾಡತೊಡಗಿದಳು. ಒಂದು ಸಂಜೆ ಅಕ್ಕಲಕೋಟೆ ರಸ್ತೆಯ ನಮ್ಮ ಮನೆಗೆ ಬರಬೇಕಾದವಳು ಬರಲಿಲ್ಲ, ಫೋನು ಬಂತು.

“ಅಜ್ಜಿ, ನಾ ಮಂದ್ರೂಪದಾಗ ಅದೀನಿ.”

“ಆ ಊರಿಗಿ ಕಬ್ಬ ತಿನ್ನಾಕ ಹೋಗಿಯೇನ?”

“ಬಸ್ಸಿನ ಬೋರ್ಡ ಕಾಣಲಿಲ್ಲ, ಬ್ಯಾರೆ ಬಸ್ಸ ಹತ್ತೀನಿ...”

ಚೇಷ್ಟೆ ಮಾಡಿದೆನೇನೋ ನಿಜ, ಫೋನಿಟ್ಟ ಮೇಲೆ ಅವಳು ಬರುವವರೆಗೂ ರಸ್ತೆಗೆ ಹೋಗಿ ನಿಂತೆ. ಚಿಕ್ಕಂದಿನಲ್ಲಿ ಹನ್ನೂರಿನ ಶಾಲೆಯಲ್ಲಿ ನನಗೂ ಕರಿಹಲಗೆ ಕಾಣುತ್ತಿರಲಿಲ್ಲ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಓದು ತಲೆಗೆ ಹತ್ತುವುದಿಲ್ಲ ಎಂದು ಶಾಲೆ ಬಿಡಿಸಿ ಕುರಿಗಳ ಹಿಂದೆ ಕಳಿಸಿದರು. ಚಷ್ಮಾ ಹಾಕಿ ಈ ನಾಲ್ಕಕ್ಷರ ಕಲಿತದ್ದು ದೊಡ್ಡವಳಾದ ಮೇಲೆ. ಇವಳ ಮೂಗಿನ ಮೇಲಿನ ಚಷ್ಮಾ ಇಳಿಯಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಭಾನುವಾರ ಅವಳ ಗೆಳೆಯರೆಲ್ಲ ನಮ್ಮ ಮಾಳಿಗೆಯ ಮೇಲೆ ತಾಲೀಮಿಗೆ ಬಂದರು. ಚಹಾ ಒಯ್ದ ನಾನು ಬಾಗಿಲಲ್ಲೇ ನಿಂತೆ. ಇವಳು ಚಷ್ಮಾ ತೆಗೆದು, ಕೂದಲು ಬಿಟ್ಟು, ಗುಲಾಬಿ ಹಿಡಿದು ಗತ್ತಿನಿಂದ ನಡೆದಳು. ನಾಯಕನನ್ನು ಬಿಟ್ಟು ದಪ್ಪ ಹುಡುಗನ ಪಾತ್ರದವನಿಗೆ ಹೂ ಕೊಟ್ಟಳು.

“ಅಯ್ಯ, ನಾ ಅಲ್ಲಬೇ! ನಂದು ಬರೇ ವಡಾಪಾವ ತಿನ್ನೂ ಪಾರ್ಟ!” ಎಂದ ಅವನು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವಳ ಕಣ್ಣು ತುಂಬಿದವು. ಹೊರಗಿನವರೆದುರು ಬಾಯಿ ಬಿಡದ ನಾನು ಚಹಾದ ತಟ್ಟೆ ಕೆಳಗಿಟ್ಟೆ.

“ಚಷ್ಮಾ ಹಾಕ್ಕೊಂಡ ಹೋಗವಾ.”

“ಪಿಚ್ಚರದಾಗ ತಗೀತಾರ್ರಿ ಅಜ್ಜಿ,” ಎಂದಳು ಶ್ರೀಮಂತ ಹುಡುಗಿಯಾಗಿದ್ದವಳು.

“ಪಿಚ್ಚರದಾಗಿನ ಹುಡುಗಿಗಿ ಕಣ್ಣ ಛಲೋ ಅದಾವು. ಅಕಿ ಚಷ್ಮಾಕ್ಕ ಕಾಜ ಇಲ್ಲ, ಬರೇ ಚೌಕಟ್ಟ. ನೋಡ್ರಿ ಬೇಕಾದ್ರ, ಬೆಳಕ ಬಿದ್ರ ಹೊಳಿಯಂಗಿಲ್ಲ.”

“ಹಂಗಾದ್ರ ಅಕಿ ಚಂದ ಆಗ್ಯಾಳಂತ ಮಂದಿಗಿ ಹ್ಯಾಂಗ ಗೊತ್ತಾಗಬೇಕ್ರಿ?”

“ಮೊದಲ ಚಂದ ಇದ್ದಿದ್ದಿಲ್ಲೇನ?”

ವಡಾಪಾವಿನ ಹುಡುಗ ಎದ್ದು ನಿಂತ: “ಹಂಗಿದ್ರ ನನಗೂ ಒಂದ ಡೈಲಾಗ ಬೇಕ! ಎಷ್ಟಂತ ತಿನ್ನಲಿ?”

ಗ್ಯಾದರಿಂಗಿನ ದಿನ ನಾನು ಕೊನೆಯ ಸಾಲಿನಲ್ಲಿ, ಕಂಬದ ಬದಿಗೆ ಕುಳಿತೆ. ಇವಳು ಅದೇ ಜಡೆ, ಅದೇ ಚಷ್ಮಾದಲ್ಲಿ ಮೆಟ್ಟಿಲಿಳಿದಳು. ಸೀಟಿಗಳೇನೂ ಬೀಳಲಿಲ್ಲ, ಹಿಂದೆ ಯಾರೋ “ಇನ್ನೂ ಬದಲಾಗೇ ಇಲ್ಲಲ್ಲ?” ಎಂದರು. ಇವಳು ಸರಿಯಾದ ಹುಡುಗನಿಗೇ ಹೂ ಕೊಟ್ಟು, ಜನರತ್ತ ತಿರುಗಿ, ಸಾಲು ಸಾಲಾಗಿ ಹುಡುಕಿ, ಅಷ್ಟು ದೂರದ ನನ್ನನ್ನು ಕಂಡು ಕೈ ಬೀಸಿದಳು. ನಾಟಕ ಕೆಡಿಸಿದಳೆಂದು ಶಾಲೆಯ ಟೀಚರ್ ಬಾಯಿಯವರು ಆಮೇಲೆ ಬೈದರಂತೆ.

ಬೇರೆ ದಿನವಾಗಿದ್ದರೆ ಸೆರಗಿನಲ್ಲಿ ಮುಖ ಮುಚ್ಚುತ್ತಿದ್ದೆ. ಅಂದು ಅಷ್ಟು ಮಂದಿಯ ನಡುವೆ ಎದ್ದು ನಿಂತು ನಾನೂ ಕೈ ಬೀಸಿದೆ.