ಅಜ್ಜಿಯ ಚೀಲ

ನಮ್ಮ ಬೀದಿಯಲ್ಲಿ ಯಾರೇ ಸತ್ತರೂ ಹೆಣಕ್ಕೆ ಸ್ನಾನ ಮಾಡಿಸಿ ತಲೆ ಬಾಚುತ್ತಿದ್ದವಳು ನನ್ನಜ್ಜಿ. ಉಳಿದವರು ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದರು. ಅವಳಿಗೆ ತೊಂಬತ್ತು ದಾಟಿದ ಮೇಲೆ ಬೀದಿಯವರಿಗೆ ಜ್ಞಾನೋದಯವಾಗಿ ಸನ್ಮಾನ ಇಟ್ಟುಕೊಂಡರು. ಸಭಾಂಗಣಕ್ಕೆ ಕರೆದರೆ ಅಜ್ಜಿ ಸೋಪು, ಬಾಚಣಿಗೆಯ ಚೀಲ ಹಿಡಿದೇ ಹೊರಟಳು.

ವೇದಿಕೆಯ ತುಂಬ ಹೂವು. ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದ್ದೇ ಹೊಗಳಿದ್ದು. ನಿನ್ನೆಯವರೆಗೆ ಅವಳನ್ನು ಕಂಡರೆ ಅಪಶಕುನವೆಂದು ಬಾಗಿಲು ಹಾಕಿಕೊಳ್ಳುತ್ತಿದ್ದವರೂ! ಅಜ್ಜಿ ತಬ್ಬಿಬ್ಬಾಗಿ ಮೇಜಿನ ಕೆಳಗೆ, ಪರದೆಯ ಹಿಂದೆ ಇಣುಕುತ್ತಿದ್ದಳು. ಕೊನೆಗೆ ನನ್ನ ಕಿವಿಯಲ್ಲಿ ಕೇಳಿದಳು: "ಇಷ್ಟೊಂದು ಹೊಗಳ್ತಿದಾರಲ್ಲ, ಹೆಣ ಎಲ್ಲೇ ಮಲಗಿಸಿದಾರೆ?"

"ಹೆಣ ಇಲ್ಲಜ್ಜಿ. ಇವರು ಹೇಳ್ತಿರೋದೆಲ್ಲ ನಿನ್ನ ವಿಷಯಾನೇ."

ಅಜ್ಜಿ ಚೀಲದಿಂದ ಬಾಚಣಿಗೆ ತೆಗೆದು, ತನ್ನ ತಲೆ ಬಾಚಿಕೊಳ್ಳತೊಡಗಿದಳು.